ಕೊಕ್ಕರೆ ರೋಗ, ಹಕ್ಕಿಜ್ವರ: ವೈರಾಣು ಅಂಟಿಕೊಳ್ಳುವ ಬಗೆ



ಹಿತ್ತಲಲ್ಲಿ ಇಪ್ಪತ್ತು ನಾಟಿ ಕೋಳಿಗಳಿದ್ದ ಮನೆಯಲ್ಲಿ ವಾರ ಕಳೆಯುವುದರೊಳಗೆ ಎರಡೋ ಮೂರೋ ಉಳಿಯುವುದನ್ನು ತಾವು ಕಂಡೇ ಇರುತ್ತೀರಿ. ಮೊದಲು ಒಂದು ಕೋಳಿ ಮಂಕಾಗಿ ಮೂಲೆ ಹಿಡಿಯುತ್ತದೆ. ಕೊಕ್ಕು ತೆರೆದು ಉಸಿರೆಳೆಯುತ್ತದೆ, ಹಸಿರು ಬೆರೆತ ಬಿಳಿ ಹಿಕ್ಕೆ ಹಾಕುತ್ತದೆ. ಸಾಯದೆ ಉಳಿದದ್ದು ಕತ್ತು ತಿರುಚಿಕೊಂಡು ಅಲ್ಲೇ ಗಿರಗಿರನೆ ಸುತ್ತುತ್ತದೆ. ಇದೇ ಕೊಕ್ಕರೆ ರೋಗ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲಿಯೂ ಅದೇ ಸುಮಾರಿನಲ್ಲಿ ನಮ್ಮ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿಯೂ ಗುರುತಿಸಲ್ಪಟ್ಟದ್ದರಿಂದ ಇದಕ್ಕೆ ಆ ಎರಡು ಊರುಗಳ ಹೆಸರೂ ಅಂಟಿಕೊಂಡಿವೆ. ರೋಗ ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಇರುವುದು ಲಸಿಕೆ ಮಾತ್ರ.

ಆ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಹನಿಯಾಗಿ ಏಕೆ ಹಾಕುತ್ತಾರೆ? ಹಕ್ಕಿಜ್ವರ ಎಂದೊಡನೆ ಕೋಳಿಯ ಜೊತೆ ಹಂದಿ, ಬಾತು ಇರಕೂಡದೆಂದು ಏಕೆ ಹೇಳುತ್ತಾರೆ? 2024ರಲ್ಲಿ ಅಮೆರಿಕದ ಹಸುಗಳಿಗೆ ಕೋಳಿಯ ಜ್ವರ ಬಂದಾಗ ಅದು ಶ್ವಾಸಕೋಶವನ್ನು ಬಿಟ್ಟು ಕೆಚ್ಚಲಿಗೇ ಏಕೆ ಇಳಿಯಿತು? ಈ ಮೂರು ಪ್ರಶ್ನೆಗಳ ಉತ್ತರವೂ ಬರಿಗಣ್ಣಿಗೆ ಕಾಣದ ಒಂದು ಸಣ್ಣ ಸಕ್ಕರೆಯಲ್ಲಿದೆ. ಅದರ ಹೆಸರು ಸಯಾಲಿಕ್ ಆಮ್ಲ. ಹೆಸರು ಕೇಳಿ ಪುಟ ಮಗುಚಬೇಡಿ, ವಿಷಯ ಕಷ್ಟದ್ದಲ್ಲ.

ಹಸುವಿನ ಜೊಲ್ಲಿನಲ್ಲಿ ಸಿಕ್ಕ ವಸ್ತು

ನಮ್ಮ ಮೈಯಾಗಲಿ ದನದ ಮೈಯಾಗಲಿ ಕೋಟ್ಯಂತರ ಜೀವಕೋಶಗಳಿಂದ ಆದದ್ದೆಂಬುದು ತಮಗೆ ತಿಳಿದಿದೆ. ಈ ಜೀವಕೋಶದ ಹೊರಮೈ ನುಣುಪಾದ ಗೋಲಿಯಂತಿರುವುದಿಲ್ಲ. ಬೆಳೆದು ನಿಂತ ಭತ್ತದ ಗದ್ದೆಯಂತೆ ಅದರ ತುಂಬ ಸಕ್ಕರೆಯ ಸರಗಳು ಎದ್ದು ನಿಂತಿರುತ್ತವೆ. ನಾವು ಚಹಾಕ್ಕೆ ಹಾಕುವ ಸಕ್ಕರೆಯ ಜಾತಿಗೇ ಸೇರಿದ ಬೇರೆ ಬೇರೆ ಸಕ್ಕರೆಗಳು ಅಲ್ಲಿ ಮಣಿಗಳಂತೆ ಪೋಣಿಸಿಕೊಂಡಿರುತ್ತವೆ. ಬಹಳಷ್ಟು ಸರಗಳ ಕಟ್ಟಕಡೆಯ ಮಣಿ, ಅಂದರೆ ತೆನೆಯ ತುದಿಯ ಕಾಳು, ಸಯಾಲಿಕ್ ಆಮ್ಲ. ಹೊರಗಿನಿಂದ ಬಂದವರಿಗೆ ಮೊದಲು ಕೈಗೆ ತಾಗುವುದು ಅದೇ.

ಇದನ್ನು ಮೊದಲು ಹರಳಾಗಿ ತೆಗೆದವರು ಸ್ವೀಡನ್ ದೇಶದ ಉಪ್ಸಾಲಾದ ಗುನ್ನಾರ್ ಬ್ಲಿಕ್ಸ್ ಎಂಬ ವಿಜ್ಞಾನಿ. ಅದು 1936ರಲ್ಲಿ. ಅವರು ಅದನ್ನು ತೆಗೆದದ್ದು ದನದ ದವಡೆಯ ಕೆಳಗಿನ ಜೊಲ್ಲಿನ ಗ್ರಂಥಿಯ ಲೋಳೆಯಿಂದ. ಗ್ರೀಕ್ ಭಾಷೆಯಲ್ಲಿ ಜೊಲ್ಲಿಗಿರುವ ಮಾತಿನಿಂದಲೇ 1952ರಲ್ಲಿ ಅದಕ್ಕೆ ಈ ಹೆಸರಾಯಿತು. ಮೆಲುಕು ಹಾಕುವ ಹಸುವಿನ ಜೊಲ್ಲು ಬೆರಳಿಗೆ ಜಾರುವುದನ್ನು ಗಮನಿಸಿದ್ದೀರಷ್ಟೆ. ಆ ಜಾರಿಕೆಗೆ ಮುಖ್ಯ ಕಾರಣ ಈ ಸಕ್ಕರೆಯೇ. ಇದರ ಮೇಲೆ ಋಣ ವಿದ್ಯುತ್ತಿನ ಅಂಶವಿದೆ. ಒಂದೇ ಬಗೆಯ ವಿದ್ಯುದಂಶವುಳ್ಳವು ಒಂದನ್ನೊಂದು ದೂಡುತ್ತವೆ. ಆದ್ದರಿಂದ ಲೋಳೆ ಗಟ್ಟಿಯಾಗಿ ಮುದ್ದೆಗಟ್ಟುವುದಿಲ್ಲ, ರಕ್ತಕಣಗಳು ನಾಳದೊಳಗೆ ಒಂದಕ್ಕೊಂದು ಅಂಟಿಕೊಳ್ಳದೆ ಹರಿಯುತ್ತವೆ.

ಇಷ್ಟು ಉಪಕಾರಿಯಾದ ವಸ್ತುವನ್ನೇ ವೈರಾಣು ತನ್ನ ಹಿಡಿಕೆಯಾಗಿ ಮಾಡಿಕೊಂಡಿದೆ.

ಮೊಟ್ಟೆಯಲ್ಲಿ ಕಂಡ ಗುಟ್ಟು

ಈ ಸಂಗತಿ ತಿಳಿದುಬಂದದ್ದು ಕೋಳಿಮೊಟ್ಟೆಯಿಂದ ಎಂಬುದು ಕೋಳಿ ಸಾಕುವವರು ಕೇಳಲೇಬೇಕಾದ ಕಥೆ. ಅಮೆರಿಕದ ಜಾರ್ಜ್ ಹರ್ಸ್ಟ್ ಎಂಬುವರು 1941ರಲ್ಲಿ ಕಾವಿಗೆ ಇಟ್ಟ ಮೊಟ್ಟೆಗಳಲ್ಲಿ ಮನುಷ್ಯರ ಫ್ಲೂ ವೈರಾಣುವನ್ನು ಬೆಳೆಸುತ್ತಿದ್ದರು. ಮರಿಯ ಸುತ್ತಲಿನ ನೀರನ್ನು ತೆಗೆಯುವಾಗ ರಕ್ತನಾಳ ಹರಿದು ರಕ್ತ ಬೆರೆಯಿತು. ನೋಡಿದರೆ ರಕ್ತಕಣಗಳು ಮೊಸರು ಒಡೆದಂತೆ ಗುಂಪುಗುಂಪಾಗಿ ಕೂಡಿಕೊಂಡಿದ್ದವು. ವೈರಾಣುವಿಗೆ ಮೈತುಂಬ ಕೈಗಳು. ಅವು ಈ ಕಣವನ್ನೂ ಆ ಕಣವನ್ನೂ ಒಟ್ಟಿಗೆ ಹಿಡಿದು ಕಣಗಳನ್ನು ಒಂದಕ್ಕೊಂದು ಹೊಲಿದುಬಿಟ್ಟಿದ್ದವು.

ಹರ್ಸ್ಟ್ ಅವರು ಅಲ್ಲಿಗೇ ಬಿಡಲಿಲ್ಲ. ಅದನ್ನು ಬೆಚ್ಚಗೆ ಇಟ್ಟು ನೋಡಿದಾಗ ಸ್ವಲ್ಪ ಹೊತ್ತಿಗೆ ವೈರಾಣುಗಳು ತಾವಾಗಿ ಕಳಚಿಕೊಂಡವು. ಒಮ್ಮೆ ಹೀಗೆ ಬಿಟ್ಟುಹೋದ ರಕ್ತಕಣಕ್ಕೆ ಹೊಸ ವೈರಾಣುವನ್ನು ಬೆರೆಸಿದರೂ ಅದು ಅಂಟಲಿಲ್ಲ. ಕಣದ ಮೇಲಿದ್ದ ಏನನ್ನೋ ವೈರಾಣು ಕತ್ತರಿಸಿಕೊಂಡು ಹೋಗಿತ್ತು. ಮುಂದೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಬರ್ನೆಟ್ ಅವರೂ ಗಾಟ್‌ಷಾಕ್ ಅವರೂ ಇದರ ಬೆನ್ನು ಹತ್ತಿದರು. ಕಾಲರಾ ರೋಗಾಣುವಿನ ರಸವೂ ಇದೇ ಕೆಲಸ ಮಾಡುತ್ತದೆಂದು ಕಂಡರು. ಕತ್ತರಿಸಿ ಹೋಗುತ್ತಿದ್ದುದು ಸಯಾಲಿಕ್ ಆಮ್ಲವೆಂದು 1950ರ ದಶಕದಲ್ಲಿ ಖಚಿತವಾಯಿತು.

ಹೀಗೆ ಫ್ಲೂ ವೈರಾಣುವಿನ ಬಳಿ ಎರಡು ಸಾಧನಗಳಿವೆ: ಹಿಡಿಯಲು ಒಂದು ಕೈ, ಕೊಯ್ಯಲು ಒಂದು ಕುಡುಗೋಲು. ಎರಡೂ ಪ್ರೋಟೀನುಗಳೇ. ಕೈಗೆ ಹೀಮಾಗ್ಲುಟಿನಿನ್ ಎಂದೂ ಕುಡುಗೋಲಿಗೆ ನ್ಯೂರಮಿನಿಡೇಸ್ ಎಂದೂ ಹೆಸರು. ಪತ್ರಿಕೆಗಳಲ್ಲಿ ತಾವು ಓದುವ ಎಚ್5ಎನ್1 ಎಂಬುದರ ಎಚ್ ಎಂದರೆ ಆ ಕೈ, ಎನ್ ಎಂದರೆ ಆ ಕುಡುಗೋಲು. ಐದನೆಯ ಬಗೆಯ ಕೈ, ಒಂದನೆಯ ಬಗೆಯ ಕುಡುಗೋಲು ಎಂದಷ್ಟೇ ಅರ್ಥ. ಕೊಕ್ಕರೆ ರೋಗದ ವೈರಾಣು ಇನ್ನೂ ಮಿತವ್ಯಯಿ. ಅದರಲ್ಲಿ ಒಂದೇ ಪ್ರೋಟೀನು ಎರಡು ಕೆಲಸವನ್ನೂ ಮಾಡುತ್ತದೆ.

ಹಿಡಿದದ್ದನ್ನು ಮತ್ತೆ ಕೊಯ್ಯುವುದೇಕೆ ಎಂದು ಕೇಳಬಹುದು. ಗಂಟಲಿನ ಲೋಳೆಯಲ್ಲಿಯೂ ಇದೇ ಸಕ್ಕರೆ ಹೇರಳವಾಗಿದೆ. ಜೀವಕೋಶಕ್ಕೆ ತಲುಪುವ ಮೊದಲೇ ವೈರಾಣು ಲೋಳೆಗೆ ಅಂಟಿ, ಕಫದ ಜೊತೆ ಹೊರಕ್ಕೆ ಹೋಗಲಿ ಎಂಬುದು ದೇಹದ ಏರ್ಪಾಡು. ಕುಡುಗೋಲು ಇಲ್ಲದಿದ್ದರೆ ವೈರಾಣು ಆ ಬಲೆಯಲ್ಲೇ ಉಳಿಯುತ್ತಿತ್ತು. ಅಲ್ಲದೆ ಒಂದು ಜೀವಕೋಶದೊಳಗೆ ಹುಟ್ಟಿದ ಸಾವಿರಾರು ಮರಿವೈರಾಣುಗಳು ಹೊರಬರುವಾಗ ಅದೇ ಕೋಶದ ಮೈಗೆ ಅಂಟಿ ನಿಂತುಬಿಟ್ಟರೆ ರೋಗ ಮುಂದೆ ಹರಡುವುದಿಲ್ಲ. ಕೊಯ್ದುಕೊಂಡು ಹೊರಟರೆ ಮಾತ್ರ ಮುಂದಿನ ಮನೆ. ಮನುಷ್ಯರಿಗೆ ಫ್ಲೂ ಬಂದಾಗ ವೈದ್ಯರು ಕೊಡುವ ಓಸೆಲ್ಟಾಮಿವಿರ್ ಮಾತ್ರೆ ಈ ಕುಡುಗೋಲಿನ ಬಾಯಿಗೆ ಸಿಕ್ಕಿಕೊಳ್ಳುವ, ಸಯಾಲಿಕ್ ಆಮ್ಲವನ್ನೇ ಹೋಲುವ ವಸ್ತು. ಅದನ್ನು ತಯಾರಿಸುವ ಮೂಲವಸ್ತು ದೊರೆಯುವುದು ನಾವು ಪಲಾವಿಗೆ ಹಾಕುವ ಚಕ್ರಮೊಗ್ಗಿನಿಂದ. ಹಾಗೆಂದು ಚಕ್ರಮೊಗ್ಗನ್ನು ಅರೆದು ಕೋಳಿಗೆ ಕುಡಿಸಿದರೆ ಏನೂ ಪ್ರಯೋಜನವಿಲ್ಲ. ಮೂಲವಸ್ತುವೇ ಬೇರೆ, ಔಷಧಿಯೇ ಬೇರೆ.

ಉತ್ತರಾಣಿ ಕಾಳಿನ ಹಿಡಿತ

ಕೈಯ ಆಕಾರವನ್ನು ವಿಲಿ ಮತ್ತು ಸ್ಕೆಹೆಲ್ ಎಂಬ ವಿಜ್ಞಾನಿಗಳು 1981ರಲ್ಲಿ ಬಿಡಿಸಿ ತೋರಿಸಿದರು. 1988ರಲ್ಲಿ ಸಕ್ಕರೆ ಅದರೊಳಗೆ ಕೂತಿರುವ ಚಿತ್ರವೂ ಸಿಕ್ಕಿತು. ಹಿಡಿಯುವ ಜಾಗವೆಂಬುದು ಪ್ರೋಟೀನಿನ ತುದಿಯಲ್ಲಿರುವ ಒಂದು ಆಳವಿಲ್ಲದ ಗುಳಿ, ಅಷ್ಟೇ. ಒಂದು ಗುಳಿಯ ಹಿಡಿತ ಬಹಳ ಸಡಿಲ. ಆದರೆ ಒಂದು ವೈರಾಣುವಿನ ಮೈಮೇಲೆ ಇಂಥ ಕೈಗಳು ನೂರಾರು. ಹೊಲದ ಬದುವಿನಲ್ಲಿ ನಡೆದು ಬಂದಾಗ ಪಂಚೆಗೆ ಉತ್ತರಾಣಿ ಕಾಳು ಹತ್ತುವುದನ್ನು ನೆನೆಯಿರಿ. ಒಂದೊಂದು ಮುಳ್ಳೂ ಬೆರಳಲ್ಲಿ ಬಿಡಿಸುವಷ್ಟೇ ಗಟ್ಟಿ. ಎಲ್ಲವೂ ಸೇರಿ ಹಿಡಿದಾಗ ಒಗೆದರೂ ಹೋಗುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಸಯಾಲಿಕ್ ಆಮ್ಲ ಕೋಳಿಯಲ್ಲೂ ಇದೆ, ಹಂದಿಯಲ್ಲೂ ಇದೆ, ನಮ್ಮಲ್ಲೂ ಇದೆ. ಹಾಗಾದರೆ ಕೋಳಿಯ ಜ್ವರ ಎಲ್ಲರಿಗೂ ಒಂದೇ ಸಮನೆ ಏಕೆ ಹತ್ತುವುದಿಲ್ಲ? ಇಲ್ಲಿ ಗಂಟಿನ ಪ್ರಶ್ನೆ ಬರುತ್ತದೆ. ತುದಿಯ ಸಯಾಲಿಕ್ ಆಮ್ಲವು ತನ್ನ ಹಿಂದಿನ ಮಣಿಯಾದ ಗ್ಯಾಲಕ್ಟೋಸ್ ಎಂಬ ಸಕ್ಕರೆಗೆ ಕಟ್ಟಿಕೊಂಡಿರುತ್ತದೆ. ಆ ಗ್ಯಾಲಕ್ಟೋಸಿನಲ್ಲಿ ಆರು ಇಂಗಾಲದ ಗೂಟಗಳಿವೆಯೆಂದು ಇಟ್ಟುಕೊಳ್ಳಿ. ಹಗ್ಗವನ್ನು ಮೂರನೆಯ ಗೂಟಕ್ಕೆ ಕಟ್ಟಿದರೆ ತುದಿ ನೆಟ್ಟಗೆ ಚಾಚಿ ನಿಲ್ಲುತ್ತದೆ, ಆರನೆಯ ಗೂಟಕ್ಕೆ ಕಟ್ಟಿದರೆ ಬಾಗಿ ನಿಲ್ಲುತ್ತದೆ. ಹಕ್ಕಿಜ್ವರದ ವೈರಾಣುವಿನ ಕೈ ಮೂರನೆಯ ಗೂಟದ ನೆಟ್ಟನೆಯ ಸಕ್ಕರೆಗೆ ಒಗ್ಗಿದ್ದು. ಬಾತುಕೋಳಿಯ ಕರುಳಿನಲ್ಲಿ ಹೆಚ್ಚಾಗಿರುವುದು ಅದೇ. ಮನುಷ್ಯರ ಫ್ಲೂ ವೈರಾಣುವಿನ ಕೈ ಆರನೆಯ ಗೂಟದ ಬಾಗಿದ ಸಕ್ಕರೆಗೆ ಒಗ್ಗಿದ್ದು. ನಮ್ಮ ಮೂಗು, ಗಂಟಲು, ಶ್ವಾಸನಾಳದಲ್ಲಿ ಹೆಚ್ಚಾಗಿರುವುದು ಅದು.

ನಮ್ಮಲ್ಲಿ ನೆಟ್ಟನೆಯ ಸಕ್ಕರೆ ಇಲ್ಲವೇ ಇಲ್ಲವೆಂದಲ್ಲ. ಶ್ವಾಸಕೋಶದ ಬಹಳ ಆಳದಲ್ಲಿದೆ ಎಂದು 2006ರಲ್ಲಿ ಗೊತ್ತಾಯಿತು. ಸತ್ತ ಕೋಳಿಗಳ ನಡುವೆ ನಿಂತು ಪುಕ್ಕ ಕಿತ್ತು ಧೂಳು ಕುಡಿದವರಿಗೆ ವೈರಾಣು ಅಲ್ಲಿಯವರೆಗೆ ಇಳಿಯಬಹುದು. ಹಾಗೆ ಇಳಿದಾಗ ಅದು ಭಾರಿ ನ್ಯುಮೋನಿಯಾ ಆಗುತ್ತದೆ. 2003ರಿಂದ ಈಚೆಗೆ ಪ್ರಪಂಚದಲ್ಲಿ ಎಚ್5ಎನ್1 ತಗುಲಿ ವರದಿಯಾದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ತೀರಿಕೊಂಡಿದ್ದಾರೆ. ಆದರೆ ಅಷ್ಟು ಆಳದಲ್ಲಿರುವ ವೈರಾಣು ಕೆಮ್ಮಿನಲ್ಲಿ ಸುಲಭವಾಗಿ ಹೊರಬಂದು ಇನ್ನೊಬ್ಬರಿಗೆ ಹತ್ತುವುದಿಲ್ಲ. ಇದುವರೆಗೆ ಅದು ಊರೂರಿಗೆ ಹರಡದಿರುವುದಕ್ಕೆ ಇದೂ ಒಂದು ಕಾರಣ.

ಹಂದಿಯ ಶ್ವಾಸನಾಳದಲ್ಲಿ ಎರಡು ಬಗೆಯ ಗಂಟೂ ಇವೆ. ಹಕ್ಕಿಯ ವೈರಾಣುವೂ ಮನುಷ್ಯನ ವೈರಾಣುವೂ ಒಂದೇ ಹಂದಿಯ ಒಂದೇ ಜೀವಕೋಶದೊಳಗೆ ಸೇರಿದರೆ ಎರಡರ ತಳಿ ಬೆರೆತು ಮೂರನೆಯದೊಂದು ಹುಟ್ಟಬಹುದು. ಹೊಲದಲ್ಲಿ ಎರಡು ಜಾತಿಯ ಜೋಳ ಪಕ್ಕಪಕ್ಕ ಹೂ ಬಿಟ್ಟಾಗ ಆಗುವಂತೆಯೇ. 2009ರಲ್ಲಿ ಮೆಕ್ಸಿಕೋ ಕಡೆಯಿಂದ ಹೊರಟು ನಮ್ಮ ರಾಜ್ಯಕ್ಕೂ ಬಂದ ಎಚ್1ಎನ್1 ಜ್ವರದ ವೈರಾಣು ಹಂದಿಗಳಲ್ಲಿ ಹೀಗೆ ಬೆರೆತು ಬಂದದ್ದೇ. ಹಂದಿ ಸಾಕಣೆ ತಪ್ಪೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಉಪಕಸುಬು ಅದು. ಕೋಳಿ, ಬಾತು, ಹಂದಿಗಳನ್ನು ಒಂದೇ ಕೊಟ್ಟಿಗೆಯಲ್ಲಿ, ಒಂದೇ ನೀರಿನ ತೊಟ್ಟಿಯಲ್ಲಿ ಸಾಕುವುದು ತಪ್ಪು.

ಕೆಚ್ಚಲಿನ ಸಂಗತಿ

2024ರ ಮಾರ್ಚ್ 25ರಂದು ಅಮೆರಿಕದ ಕೃಷಿ ಇಲಾಖೆ ಟೆಕ್ಸಾಸ್ ಮತ್ತು ಕಾನ್ಸಸ್ ರಾಜ್ಯಗಳ ಕರಾವಿನ ಹಸುಗಳಲ್ಲಿ ಎಚ್5ಎನ್1 ಕಂಡುಬಂದಿದೆಯೆಂದು ಪ್ರಕಟಿಸಿತು. ಬಲ್ಲವರೆಲ್ಲ ಬೆರಗಾದರು. ಹಸುಗಳು ಮೇವು ಬಿಟ್ಟವು, ಹಾಲು ಇಳಿಯಿತು, ಕರೆದ ಹಾಲು ಗಿಣ್ಣು ಹಾಲಿನಂತೆ ಗಟ್ಟಿಯಾಗಿ ಹಳದಿಗೆ ತಿರುಗಿತ್ತು. ಆ ಹಸಿಹಾಲು ಕುಡಿದ ಕೊಟ್ಟಿಗೆಯ ಬೆಕ್ಕುಗಳು ಸತ್ತವು. 2025ರ ನಡುವಿನ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಹಿಂಡುಗಳಿಗೆ ಸೋಂಕು ತಗುಲಿತ್ತು.

ಕೆಚ್ಚಲನ್ನು ಪರೀಕ್ಷಿಸಿದಾಗ ಕಾರಣ ಹೊಳೆಯಿತು. ಹಾಲು ಒಸರುವ ಸಣ್ಣ ಚೀಲಗಳ ಒಳಗೋಡೆಯಲ್ಲಿ ಹಕ್ಕಿಯ ವೈರಾಣು ಹುಡುಕುವ ನೆಟ್ಟನೆಯ ಸಕ್ಕರೆ ತುಂಬಿತ್ತು. ಹಸುವಿನ ಶ್ವಾಸನಾಳದಲ್ಲಿ ಅದು ಕಡಿಮೆ. ಹಾಗಾಗಿಯೇ ಕೆಮ್ಮಿಗಿಂತ ಹೆಚ್ಚಾಗಿ ಹಾಲಿನಲ್ಲಿ ರೋಗ ಹೊರಬಿತ್ತು. ಒಂದು ಹಸುವಿಗೆ ಹಾಕಿದ ಹಾಲು ಕರೆಯುವ ಯಂತ್ರದ ಬಟ್ಟಲನ್ನು ತೊಳೆಯದೆ ಮುಂದಿನ ಹಸುವಿಗೆ ಹಾಕಿದಾಗ ರೋಗವೂ ಅದರೊಡನೆ ಸಾಗಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿಯ ವಿಜ್ಞಾನಿಗಳು ಇನ್ನೊಂದು ವಿಷಯ ತಿಳಿಸಿದರು. ಈ ವೈರಾಣುವಿನ ಕೈಯಲ್ಲಿ 226ನೆಯ ಸ್ಥಾನದ ಒಂದೇ ಒಂದು ಮಣಿ ಬದಲಾದರೆ ಅದು ನೆಟ್ಟನೆಯ ಸಕ್ಕರೆಯನ್ನು ಬಿಟ್ಟು ಮನುಷ್ಯರ ಬಾಗಿದ ಸಕ್ಕರೆಯನ್ನು ಹಿಡಿಯತೊಡಗುತ್ತದೆ. ಪ್ರಯೋಗಶಾಲೆಯಲ್ಲಿ ಪ್ರೋಟೀನಿನ ಮೇಲೆ ಮಾಡಿದ ಪರೀಕ್ಷೆ ಇದು. ಹಿಡಿತ ಬದಲಾದ ಮಾತ್ರಕ್ಕೇ ಜನರಲ್ಲಿ ಹರಡುತ್ತದೆಂದು ಅರ್ಥವಲ್ಲ. ಆದರೂ ಅಂತರ ಎಷ್ಟು ತೆಳುವೆಂಬುದು ಗೊತ್ತಾಗುತ್ತದೆ.

ನಮಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: ಹಾಲನ್ನು ಉಕ್ಕಿಸಿ ಕುಡಿಯುವ ನಮ್ಮ ಮನೆಗಳ ರೂಢಿ ಅತ್ಯುತ್ತಮವಾದದ್ದು. ಪಾಶ್ಚರೀಕರಣದ ಬಿಸಿಗೇ ಸಾಯುವ ವೈರಾಣು ಕುದಿಯುವ ಹಾಲಿನಲ್ಲಿ ಉಳಿಯಲಾರದು. ಕರೆದ ಕೂಡಲೇ ನೊರೆಹಾಲು ಕುಡಿದರೆ ಪುಷ್ಟಿ ಎಂದು ಮಕ್ಕಳಿಗೆ ಕುಡಿಸುವುದನ್ನು ಬಿಡಬೇಕು. ಕೊಟ್ಟಿಗೆಯ ಮೇವಿನ ಗೋದಲಿಯಲ್ಲಿ ಕೋಳಿಗಳು ಕೂತು ಹಿಕ್ಕೆ ಹಾಕಲು ಬಿಡಬಾರದು.

ಗಿಣ್ಣು ಹಾಲಿನ ಮಾತು ಬಂದದ್ದರಿಂದ ಒಂದು ಸಂಗತಿ. ಗಿಣ್ಣಿನಲ್ಲಿ ಸಯಾಲಿಕ್ ಆಮ್ಲ ಕಟ್ಟಿಕೊಂಡ ಬಿಡಿ ಸಕ್ಕರೆಗಳು ಮುಂದಿನ ದಿನಗಳ ಹಾಲಿಗಿಂತ ಬಹಳ ಹೆಚ್ಚು. ಕರುಗಳಿಗೆ ಭೇದಿ ತರುವ ಕೊರೋನಾ ಜಾತಿಯ ವೈರಾಣುವೊಂದು ಕರುಳಿನ ಸಯಾಲಿಕ್ ಆಮ್ಲವನ್ನೇ ಹಿಡಿದು ಒಳಹೋಗುತ್ತದೆ. ಕರುಳಿನಲ್ಲಿ ತೇಲುವ ಗಿಣ್ಣಿನ ಸಕ್ಕರೆಗಳು ರೋಗಾಣುಗಳಿಗೆ ಸುಳ್ಳು ಹಿಡಿಕೆಯಾಗಿ ಅವನ್ನು ಕರುಳಿನ ಗೋಡೆಯಿಂದ ದೂರ ಇಡುತ್ತವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಗಿಣ್ಣಿನ ಮುಖ್ಯ ಗುಣವೇನೋ ಅದರಲ್ಲಿರುವ ತಾಯಿಯ ರೋಗನಿರೋಧಕಗಳೇ. ಅಂತೂ ಹುಟ್ಟಿದ ಒಂದೆರಡು ಗಂಟೆಯೊಳಗೆ ಕರುವಿಗೆ ಗಿಣ್ಣು ಕುಡಿಸಬೇಕು. ಮನೆಯವರು ಗಿಣ್ಣದ ಸಿಹಿ ಮಾಡಿಕೊಳ್ಳುವುದು ಕರುವಿನ ಪಾಲು ಮುಗಿದ ಮೇಲೆ.

ದೇಹ ತನ್ನದನ್ನು ಗುರುತಿಸುವುದು

ಈ ಸಕ್ಕರೆಯನ್ನು ಗುರುತು ಹಿಡಿಯುವ ಪ್ರೋಟೀನುಗಳು ದೇಹದಲ್ಲಿಯೂ ಇವೆ. ಬಿಳಿ ರಕ್ತಕಣಗಳ ಮೈಮೇಲೆ ಸಿಗ್ಲೆಕ್ ಎಂಬ ಪ್ರೋಟೀನುಗಳಿದ್ದು, ಎದುರು ಬಂದ ಕೋಶದ ತುದಿಯಲ್ಲಿ ಸಯಾಲಿಕ್ ಆಮ್ಲ ಕೈಗೆ ತಾಗಿದರೆ ಅವುಗಳಲ್ಲಿ ಹೆಚ್ಚಿನವು ‘ಇದು ನಮ್ಮದೇ, ಹೊಡೆಯಬೇಡ’ ಎಂದು ಕಣವನ್ನು ತಡೆಯುತ್ತವೆ. ದನದ ಕಿವಿಗೆ ಹಾಕುವ ಹಳದಿ ಬಿಲ್ಲೆಯಂತೆ ಇದು. ಬಿಲ್ಲೆ ಕಳೆದರೂ ಗುರುತು ಸಿಗುತ್ತದೆ. ರಕ್ತದಲ್ಲಿ ಓಡಾಡಿ ಹಳತಾದ ಪ್ರೋಟೀನುಗಳ ತುದಿಯ ಸಯಾಲಿಕ್ ಆಮ್ಲ ಉದುರಿ ಹಿಂದಿನ ಗ್ಯಾಲಕ್ಟೋಸ್ ಹೊರಗೆ ಕಂಡಾಗ ಪಿತ್ತಜನಕಾಂಗ ಅವುಗಳನ್ನು ಹಿಡಿದು ತೆಗೆದುಹಾಕುತ್ತದೆ.

ಕಳ್ಳ ಬಿಲ್ಲೆಯೂ ಉಂಟು. ಕೆಚ್ಚಲು ಬಾವು ತರುವ ಸ್ಟ್ರೆಪ್ಟೋಕಾಕಸ್ ಜಾತಿಯ ಒಂದು ಬ್ಯಾಕ್ಟೀರಿಯಾ ತನ್ನ ಹೊದಿಕೆಯ ಮೇಲೆ ಸಯಾಲಿಕ್ ಆಮ್ಲವನ್ನು ತೊಟ್ಟುಕೊಂಡು ಬಿಳಿ ರಕ್ತಕಣಗಳನ್ನು ಮೋಸಗೊಳಿಸುತ್ತದೆ. ಸ್ವಚ್ಛತೆಯನ್ನು ನೆಚ್ಚಬೇಕೇ ಹೊರತು ದೇಹದ ಶಕ್ತಿಯೊಂದನ್ನೇ ನೆಚ್ಚಕೂಡದೆಂದು ಪಶುವೈದ್ಯರು ಒತ್ತಿ ಹೇಳುವುದು ಸುಮ್ಮನೆ ಅಲ್ಲ.

ಲಸಿಕೆಯ ಕೈಯೂ ಅದೇ ಕೈ

ಮತ್ತೆ ಕೊಕ್ಕರೆ ರೋಗಕ್ಕೆ. ಲಸೋಟ ಎಂಬ ಲಸಿಕೆ ಸತ್ತ ವಸ್ತುವಲ್ಲ, ಜೀವಂತ ವೈರಾಣು. ಕೊಲ್ಲುವ ವೈರಾಣುವಿನಂತೆಯೇ ಅದೂ ಕೋಳಿಯ ಕಣ್ಣು, ಮೂಗು, ಗಂಟಲಿನ ಒಳಪೊರೆಯ ಸಯಾಲಿಕ್ ಆಮ್ಲವನ್ನು ಹಿಡಿಯುತ್ತದೆ. ವ್ಯತ್ಯಾಸ ಹಿಡಿಯುವುದರಲ್ಲಿಲ್ಲ, ಹೊಗುವುದರಲ್ಲಿದೆ. ಹಿಡಿದ ಮೇಲೆ ಒಳಹೊಗಲು ಬೇಕಾದ ಇನ್ನೊಂದು ಪ್ರೋಟೀನನ್ನು ಕೋಳಿಯ ದೇಹದ ಕಿಣ್ವಗಳು ಸೀಳಿಕೊಡಬೇಕು. ಲಸೋಟದ ಪ್ರೋಟೀನನ್ನು ಸೀಳುವ ಕಿಣ್ವಗಳು ಉಸಿರಿನ ದಾರಿ, ಕರುಳುಗಳಲ್ಲಿ ಮಾತ್ರ ಇರುವುದರಿಂದ ಅದು ಅಲ್ಲೇ ನಿಲ್ಲುತ್ತದೆ. ಕೊಲ್ಲುವ ವೈರಾಣುವಿನದನ್ನು ಎಲ್ಲ ಅಂಗಗಳ ಕಿಣ್ವಗಳೂ ಸೀಳುತ್ತವೆ, ಆದ್ದರಿಂದ ಅದು ಮೆದುಳಿಗೂ ಏರುತ್ತದೆ. ಕತ್ತು ತಿರುಚುವುದು ಆಗಲೇ. ಕಣ್ಣಿಗೆ ಹನಿ ಹಾಕಿದಾಗ ರೋಗ ಬರುವ ಬಾಗಿಲಲ್ಲೇ ಕಾವಲು ಹುಟ್ಟುತ್ತದೆ. ಅಲ್ಲಿ ಹುಟ್ಟಿದ ರೋಗನಿರೋಧಕಗಳು ವೈರಾಣುವಿನ ಕೈಯನ್ನೇ ಮುಚ್ಚಿಬಿಡುತ್ತವೆ. ಪ್ರಯೋಗಶಾಲೆಯಲ್ಲಿ ಕೋಳಿಯ ರಕ್ತಪರೀಕ್ಷೆ ಮಾಡಿ ಲಸಿಕೆ ಹಿಡಿದಿದೆಯೇ ಎಂದು ಹೇಳುವುದೂ ಹರ್ಸ್ಟ್ ಕಂಡ ಅದೇ ವಿಧಾನದಿಂದ. ಕೋಳಿಯ ರಕ್ತದ ಸಾರ ಬೆರೆಸಿದ ಮೇಲೂ ವೈರಾಣು ರಕ್ತಕಣಗಳನ್ನು ಗುಂಪುಗೂಡಿಸಿದರೆ ರಕ್ಷಣೆ ಇಲ್ಲವೆಂದು ಅರ್ಥ.

ಲಸಿಕೆಯ ಕ್ರಮ ಹೀಗೆ. ಮರಿಗೆ 5ರಿಂದ 7 ದಿನವಾದಾಗ ಲಸೋಟ ಅಥವಾ ಎಫ್ ತಳಿಯ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕನೆಯ ವಾರದ ಸುಮಾರಿಗೆ ಮತ್ತೊಮ್ಮೆ ಲಸೋಟ. ಇದನ್ನು ಕುಡಿಯುವ ನೀರಿನಲ್ಲಿ ಕೊಡಬಹುದು. 6ರಿಂದ 8 ವಾರದಲ್ಲಿ ಮುಕ್ತೇಶ್ವರದಲ್ಲಿ ತಯಾರಾದ ಆರ್2ಬಿ ತಳಿಯ ಲಸಿಕೆ, ಚರ್ಮದ ಕೆಳಗೆ ಚುಚ್ಚುಮದ್ದಾಗಿ. ಆರ್2ಬಿ ಸ್ವಲ್ಪ ಬಿರುಸು, ಎಳೆಯ ಮರಿಗೆ ಕೊಡಕೂಡದು. ಅದನ್ನು ಪಶುವೈದ್ಯರ ಕೈಯಲ್ಲೇ ಮಾಡಿಸಿ. ನಾನು ಕೃಷಿ ಓದಿದವನು, ಪ್ರಮಾಣದ ವಿಷಯದಲ್ಲಿ ಅವರ ಮಾತೇ ಕೊನೆಯದು. ನೀರಿನಲ್ಲಿ ಕೊಡುವಾಗ ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ, ಜೀವಂತ ಲಸಿಕೆ ಸಾಯುತ್ತದೆ. ಬಾವಿಯ ತಣ್ಣೀರಿಗೆ ಸ್ವಲ್ಪ ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ, ಎರಡು ಗಂಟೆ ನೀರು ಬಿಡಿಸಿದ ಕೋಳಿಗಳಿಗೆ ಬೆಳಗಿನ ತಂಪಿನಲ್ಲಿ ಇಡಬೇಕು. ಲಸಿಕೆಯನ್ನು ಆಸ್ಪತ್ರೆಯಿಂದ ಮನೆಗೆ ತರುವಾಗ ಮಂಜುಗಡ್ಡೆಯ ಜೊತೆ ಫ್ಲಾಸ್ಕಿನಲ್ಲಿ ತನ್ನಿ. ಅಂಗಿಯ ಜೇಬಿನಲ್ಲಿ ತಂದ ಲಸಿಕೆ ನೀರಿಗೆ ಸಮ.

ಹಕ್ಕಿಜ್ವರದ ವಿಷಯದಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಕರ್ನಾಟಕದಲ್ಲಿ 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದಲ್ಲಿಯೂ, 2020ರ ಮಾರ್ಚಿನಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿಯೂ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿಯೂ ಇದು ಕಾಣಿಸಿಕೊಂಡಿದೆ. ಇದು ಹೊರನೋಟಕ್ಕೆ ಕೊಕ್ಕರೆ ರೋಗದಂತೆಯೇ ಇರಬಹುದು. ಭೋಪಾಲಿನ ಪ್ರಯೋಗಶಾಲೆಯ ಪರೀಕ್ಷೆಯಿಂದಲೇ ಖಚಿತವಾಗುತ್ತದೆ. ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ‘ಕೊಕ್ಕರೆ ರೋಗವಿರಬೇಕು’ ಎಂದು ಸುಮ್ಮನಿರಬೇಡಿ, ಉಳಿದವನ್ನು ಸಂತೆಗೆ ಸಾಗಿಸಲೂಬೇಡಿ. ಹಕ್ಕಿಜ್ವರವೆಂದು ಖಚಿತವಾದರೆ ಆ ಸ್ಥಳದ ಸುತ್ತ 1 ಕಿಲೋಮೀಟರಿನೊಳಗಿನ ಕೋಳಿಗಳನ್ನು ಇಲಾಖೆ ನಾಶಪಡಿಸುತ್ತದೆ. ಈ ಭಯದಿಂದಲೇ ಅನೇಕರು ಬಾಯಿ ಬಿಡುವುದಿಲ್ಲ. ಪರಿಹಾರ ಸಿಗುವುದು ಇಲಾಖೆ ನಾಶಪಡಿಸಿದ ಕೋಳಿ, ಮೊಟ್ಟೆ, ಆಹಾರಗಳಿಗೆ, ತಾವಾಗಿ ಸತ್ತವುಗಳಿಗಲ್ಲ. ಹಾಗಾಗಿ ತಡಮಾಡಿದಷ್ಟೂ ನಷ್ಟ ರೈತನದೇ. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟದೆ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ಸಾಬೂನಿನಿಂದ ಕೈ ತೊಳೆಯಿರಿ. ಈ ವೈರಾಣುಗಳ ಹೊರಪೊರೆ ಕೊಬ್ಬಿನದು, ಸಾಬೂನಿಗೆ ಕರಗುತ್ತದೆ. ಪೊರೆ ಕರಗಿದರೆ ಕೈಗಳಿಗೆ ನಿಲ್ಲಲು ನೆಲೆಯಿಲ್ಲ.

ನಾಟಿ ಕೋಳಿ ಸಾಕುವವರ ನಿಜವಾದ ತೊಂದರೆ ಬೇರೆ ಇದೆ. ಲಸಿಕೆಯ ಸೀಸೆ ನೂರು ಕೋಳಿಗೋ ಅದಕ್ಕೂ ಹೆಚ್ಚಿಗೋ ಆಗುವಂಥದ್ದು, ಮನೆಯಲ್ಲಿರುವುದು ಹತ್ತು. ತೆರೆದ ಸೀಸೆಯನ್ನು ನಾಳೆಗೆ ಇಡುವಂತಿಲ್ಲ. ಒಂದು ಕೇರಿಯ ಹತ್ತು ಹನ್ನೆರಡು ಮನೆಯವರು ಮಾತಾಡಿಕೊಂಡು ಒಂದು ದಿನ ಗೊತ್ತುಮಾಡಿ, ಹಿಂದಿನ ದಿನವೇ ಪಶು ಆಸ್ಪತ್ರೆಗೆ ತಿಳಿಸಿ, ಕೋಳಿಗಳನ್ನು ಗೂಡಿನಿಂದ ಬಿಡುವ ಮುಂಚೆ ನಸುಕಿನಲ್ಲೇ ಹನಿ ಹಾಕಿಸಿದರೆ ಒಂದು ಸೀಸೆಯಲ್ಲಿ ಇಡೀ ಕೇರಿಗೆ ಆಗುತ್ತದೆ. ಬಿಟ್ಟ ಮೇಲೆ ಹಿಡಿಯಲು ಹೊರಟರೆ ಮಧ್ಯಾಹ್ನವಾದರೂ ಹುಂಜ ಕೈಗೆ ಸಿಗುವುದಿಲ್ಲ.